ಗಿಡ ಹೋದರೂ ಕಾಯಿ ಉಳಿಸಿಕೊಳ್ಳಿ

ಟೊಮೆಟೊ ನಮ್ಮ ಕರಾವಳಿಗೆ ಒಗ್ಗಿದ ಬೆಳೆಯಲ್ಲ. ಸಾಸ್ತಾನದ ಸುತ್ತ ಐರೋಡಿ, ಗುಂಡ್ಮಿ, ಪಾಂಡೇಶ್ವರ, ಕೋಡಿ ಕನ್ಯಾನ ಎಲ್ಲೇ ಹೋಗಿ, ಮಳೆಗಾಲ ಕಳೆದ ಮೇಲೆ ಹಿತ್ತಿಲಲ್ಲಿ ಕಾಣುವುದು ಅಲಸಂಡೆ, ಹರಿವೆ, ಬೆಂಡೆ, ಸೌತೆ, ಬದನೆ. ಪೇಟೆಯ ಟೊಮೆಟೊ ಘಟ್ಟದ ಮೇಲಿಂದ ಲಾರಿಯಲ್ಲಿ ಬಂದದ್ದು. ಆದರೂ 2023ರ ಜುಲೈಯಲ್ಲಿ ಕಿಲೊಗೆ ನೂರು ರೂಪಾಯಿ ದಾಟಿದ್ದು ನೆನಪಿರುವವರಿಗೆ, ಬಾವಿಕಟ್ಟೆಯ ಹತ್ತಿರವೋ ಟೆರೇಸಿನ ಮೇಲೋ ನಾಲ್ಕು ಗಿಡ ಇರಲಿ ಎನ್ನಿಸುವುದು ಸಹಜ. ಗಿಡ ಚೆನ್ನಾಗಿಯೇ ಏಳುತ್ತದೆ, ಹೂ ಬಿಡುತ್ತದೆ, ಗೊಂಚಲು ಗೊಂಚಲಾಗಿ ಕಾಯಿ ಕಚ್ಚುತ್ತದೆ. ಇನ್ನೇನು ಬಣ್ಣ ತಿರುಗಬೇಕು ಎನ್ನುವಾಗ ಬುಡದ ಎಲೆಗಳಲ್ಲಿ ಕಂದು ಚುಕ್ಕೆ ಬೀಳುತ್ತದೆ, ಇಲ್ಲವೇ ಇಡೀ ಗಿಡ ತಲೆ ಬಾಗಿಸುತ್ತದೆ. ‘ನಿನ್ನೆ ಲಾಯ್ಕ್ ಇದ್ದಿತ್, ಇವತ್ತ್ ಬಾಡಿ ಹೋಯ್ತ್ ಕಾಣಿ’ ಎನ್ನುವ ಮಾತು ಪ್ರತಿ ಚಳಿಗಾಲದಲ್ಲೂ ಕೇಳುತ್ತದೆ.

ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಔಷಧದ ಅಂಗಡಿಗೆ ಓಡುತ್ತಾರೆ, ಇಲ್ಲವೇ ಹಣ್ಣಾಗಲಿ ಎಂದು ಕಾಯುತ್ತಾ ಕೂರುತ್ತಾರೆ. ಎರಡರಲ್ಲೂ ಕಾಯಿ ಕೈತಪ್ಪುತ್ತದೆ. ಕಾಯಿ ಹೊತ್ತ ಗಿಡಕ್ಕೆ ರೋಗ ಏರಿದ ಮೇಲೆ ಗಿಡ ಉಳಿಸುವ ಹಟ ಬಿಟ್ಟು ಮೊದಲು ಬುಟ್ಟಿ ಹಿಡಿದು ಹೋಗುವುದು ಒಳ್ಳೆಯದು. ಕೊಯ್ದ ಕಾಯಿಯನ್ನು ಹಣ್ಣಿಗೆ ಇಡಬೇಕೋ, ಅಂದೇ ಅಡುಗೆಗೆ ಹಾಕಬೇಕೋ ಎನ್ನುವುದನ್ನು ನಿರ್ಧರಿಸುವುದು ಬಂದಿರುವ ರೋಗ. ಹಾಗಾಗಿ ಎರಡು ನಿಮಿಷ ಗಿಡದ ಎದುರು ನಿಂತು ನೋಡಬೇಕು.

ಚುಕ್ಕೆ ಕೆಳಗಿನ ಹಳೆಯ ಎಲೆಗಳಲ್ಲಿ ಶುರುವಾಗಿದೆಯೇ? ಒಂದೊಂದು ಚುಕ್ಕೆಯ ಒಳಗೂ ಬಳೆಯೊಳಗೆ ಬಳೆ ಇಟ್ಟಂತೆ ಉಂಗುರಗಳಿವೆಯೇ, ಸುತ್ತ ಹಳದಿ ಅಂಚಿದೆಯೇ? ಅದು ಆಲ್ಟರ್ನೇರಿಯಾ ಎಂಬ ಶಿಲೀಂಧ್ರದಿಂದ ಬರುವ ಅಂಗಮಾರಿ. ಕೃಷಿ ಇಲಾಖೆಯವರು ಬೇಗ ಬರುವ ಅಂಗಮಾರಿ ಎನ್ನುವುದು ಇದನ್ನೇ. ಇದು ನಿಧಾನದ ರೋಗ. ಕೆಳಗಿನಿಂದ ಮೇಲಕ್ಕೆ ಎಲೆ ಒಣಗಿಸುತ್ತಾ ಹೋಗಲು ವಾರಗಳೇ ಹಿಡಿಯುತ್ತವೆ. ಕಾಯಿಗೆ ತಗುಲಿದರೆ ತೊಟ್ಟಿನ ಬಳಿ ಕಪ್ಪಗೆ ತಗ್ಗಾಗಿ, ಮಖಮಲ್ಲಿನಂಥ ಪದರ ಕಾಣುತ್ತದೆ. ಹೆಚ್ಚಿನ ಕಾಯಿಗಳು ಚೊಕ್ಕವಾಗಿಯೇ ಇರುತ್ತವೆ. ಇಲ್ಲಿ ಅವಸರ ಬೇಡ. ಚುಕ್ಕೆ ಬಿದ್ದ ಎಲೆಗಳನ್ನಷ್ಟೇ ತೆಗೆದು, ಕಾಯಿ ಒಂದೊಂದಾಗಿ ಬಣ್ಣ ತಿರುಗಿದ ಹಾಗೆ ಕೊಯ್ಯಬಹುದು. ಎಲೆಯನ್ನೆಲ್ಲ ಒಮ್ಮೆಲೇ ಬೋಳಿಸಿದರೆ ಬೇರೊಂದು ಕಷ್ಟವಿದೆ. ನೆರಳು ತಪ್ಪಿದ ಕಾಯಿಗೆ ನಮ್ಮ ಬಿಸಿಲು ನೇರ ಹೊಡೆದು, ಮೈಮೇಲೆ ಬಿಳಿಯ ಕಾಗದದಂಥ ಕಲೆ ಬೀಳುತ್ತದೆ, ಆ ಕಲೆಯಿಂದಲೇ ಕೊಳೆಯುತ್ತದೆ. ಎಲೆ ತೀರಾ ಕಡಿಮೆಯಾದರೆ ಪಡುವಣ ಬದಿಗೆ ಒಂದು ತೆಂಗಿನ ಗರಿ ಚುಚ್ಚಿಟ್ಟರೂ ಸಾಕು.

ತಡವಾಗಿ ಬರುವ ಅಂಗಮಾರಿಯ ದಾರಿ ಬೇರೆ. ಎಲೆಯಲ್ಲಿ ಬಿಸಿನೀರು ಬಿದ್ದ ಹಾಗೆ ಹಸಿ ಹಸಿ ಮಚ್ಚೆ, ಬೆಳಿಗ್ಗೆ ಎಲೆ ಮಗುಚಿದರೆ ಅಡಿಯಲ್ಲಿ ಬಿಳಿ ಬೂಷ್ಟು, ದಂಟಿನ ಮೇಲೆ ಕಂದು ಪಟ್ಟೆ, ಕಾಯಿಯ ಹೆಗಲಿನಲ್ಲಿ ಗಟ್ಟಿಯಾದ ಉಬ್ಬುತಗ್ಗಿನ ಕಂದು ಕಲೆ. ಫೈಟೊಫ್ತೊರಾ ಇನ್ಫೆಸ್ಟನ್ಸ್ ಎನ್ನುವ ಇದೇ ಜೀವಿ 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನೆಲಕಚ್ಚಿಸಿ ಕ್ಷಾಮ ತಂದದ್ದು, ಹಾಸನದ ಆಲೂಗಡ್ಡೆ ಬೆಳೆಗಾರರ ನಿದ್ದೆ ಕೆಡಿಸುವುದೂ ಇದೇ. ತಂಪು ಹವೆ ಬೇಕಾದ ರೋಗವಾದ್ದರಿಂದ ಕಡಲಬದಿಯ ಸೆಕೆ ಇದಕ್ಕೆ ಹಿಡಿಸುವುದಿಲ್ಲ, ಘಟ್ಟದ ಮೇಲೆಯೇ ಹಾವಳಿ ಜಾಸ್ತಿ. ಆದರೆ ಇದರ ದಾಯಾದಿಗಳು ನಮ್ಮಲ್ಲಿ ಧಾರಾಳ. ಅಡಿಕೆ ತೋಟದವರಿಗೆ ಫೈಟೊಫ್ತೊರಾ ಹೊಸ ಹೆಸರೇನಲ್ಲ. ಮಳೆಗಾಲದಲ್ಲಿ ಎಳೆ ಅಡಿಕೆ ಉದುರಿಸುವ ಕೊಳೆ ರೋಗ, ಮಹಾಳಿ ಎನ್ನುತ್ತೇವಲ್ಲ, ಅದು ಇದೇ ಕುಲದ್ದು. ಟೊಮೆಟೊದಲ್ಲಿ ನೆಲಕ್ಕೆ ತಾಗುವ, ಇಲ್ಲವೇ ಮಳೆಹನಿಗೆ ಮಣ್ಣು ಸಿಡಿಯುವ ಎತ್ತರದಲ್ಲಿರುವ ಕಾಯಿಗಳಿಗೆ ಇದೇ ಕುಲದ ಇನ್ನೊಂದು ಕೊಳೆ ಬರುತ್ತದೆ. ನಯವಾದ ಮೈಮೇಲೆ ತಿಳಿ ಕಂದು, ಗಾಢ ಕಂದು ವರ್ತುಲಗಳು ಒಂದರ ಸುತ್ತ ಒಂದು ಕಂಡರೆ ಅದೇ. ಜುಲೈ ತಿಂಗಳಲ್ಲಿ ಗ್ರೋ ಬ್ಯಾಗಿನಲ್ಲಿ ಟೊಮೆಟೊ ಇಟ್ಟವರು, ಅಕ್ಟೋಬರಿನ ಗುಡುಗು ಮಳೆಗೆ ಸಿಕ್ಕಿಬಿದ್ದವರು ಇದನ್ನು ನೋಡಿಯೇ ಇರುತ್ತಾರೆ.

ಈ ಕುಲದ ರೋಗವೆಂದು ಅನುಮಾನ ಬಂದರೆ ಕಾಯುವ ಮಾತೇ ಇಲ್ಲ. ಇಂದು ಹೊಳೆಹೊಳೆಯುವ ಕಾಯಿಯ ಒಳಗೆ ರೋಗ ಆಗಲೇ ಇಳಿದಿರಬಹುದು. ನಾಲ್ಕೈದು ದಿನ ಬಿಟ್ಟು ಬುಟ್ಟಿಯಲ್ಲಿ ಅದು ಮೇಲೆ ಬರುತ್ತದೆ, ಪಕ್ಕದ ಕಾಯಿಗೂ ಹಬ್ಬುತ್ತದೆ. ಹಸಿರಿದ್ದದ್ದು, ಅರೆ ಬಲಿತದ್ದು ಎನ್ನದೆ ಎಲ್ಲ ಕೊಯ್ದು, ಕಲೆಯಿಲ್ಲದ್ದನ್ನು ಆದಷ್ಟು ಬೇಗ ಹಸಿರಾಗಿಯೇ ಅಡುಗೆಗೆ ಬಳಸಿ. ಕಾಯಿಯನ್ನು ಗಿಡದಲ್ಲೇ ಬಿಟ್ಟು, ಗಿಡ ಕಿತ್ತು ತಲೆಕೆಳಗಾಗಿ ಮಾಡಿಗೆ ನೇತುಹಾಕುವ ಪದ್ಧತಿಯನ್ನು ಕೆಲವರು ಹೇಳುತ್ತಾರೆ. ಆರೋಗ್ಯದ ಗಿಡಕ್ಕೆ ಅದು ಸರಿ, ಈ ರೋಗಕ್ಕೆ ಬೇಡವೇ ಬೇಡ.

ಇನ್ನು ಮೂರನೆಯದು, ಸಾಸ್ತಾನದಂಥ ಊರಿನಲ್ಲಿ ಟೊಮೆಟೊ ಸಾಯುವುದಕ್ಕೆ ದೊಡ್ಡ ಕಾರಣ: ದುಂಡಾಣು ಸೊರಗು ರೋಗ. ಜನ ಇದನ್ನೂ ಅಂಗಮಾರಿಯ ಲೆಕ್ಕಕ್ಕೇ ಸೇರಿಸುತ್ತಾರೆ, ಆದರೆ ಇದರ ನಡೆ ಪೂರ್ತಿ ಬೇರೆ. ಎಲೆಯಲ್ಲಿ ಚುಕ್ಕೆಯಿಲ್ಲ, ಹಳದಿ ಬಣ್ಣವೂ ಇಲ್ಲ. ಹಸಿರು ಹಸಿರಾಗಿರುವಾಗಲೇ ಗಿಡ ಬಾಡುತ್ತದೆ. ಮೊದಲೆರಡು ದಿನ ಮಧ್ಯಾಹ್ನ ಬಾಡಿ ರಾತ್ರಿ ಚೇತರಿಸಿಕೊಂಡಂತೆ ನಟಿಸಿ, ಆಮೇಲೆ ಬೆಳಿಗ್ಗೆಯೂ ಏಳುವುದಿಲ್ಲ. ನೀರು ಸಾಲದೇ ಹೋಯಿತೆಂದು ಕೊಡಪಾನ ಕೊಡಪಾನ ನೀರು ಹೊಯ್ಯುವವರೇ ಹೆಚ್ಚು. ರಾಲ್ಸ್ಟೋನಿಯ ಎಂಬ ಬ್ಯಾಕ್ಟೀರಿಯ ಮಣ್ಣಿನಿಂದ ಬೇರಿಗೆ ನುಗ್ಗಿ, ನೀರು ಏರುವ ನಾಳಗಳನ್ನೇ ಕಟ್ಟಿಹಾಕಿರುತ್ತದೆ. ಹುಳಿ ಮಣ್ಣು, ತೇವ, ಸೆಕೆ ಮೂರೂ ಅದಕ್ಕೆ ಪ್ರಿಯ, ಮೂರೂ ನಮ್ಮಲ್ಲಿವೆ.

ಇದನ್ನು ಖಾತ್ರಿ ಮಾಡಿಕೊಳ್ಳಲು ಪ್ರಯೋಗಾಲಯ ಬೇಡ. ಬಾಡಿದ ಗಿಡದ ಬುಡದಿಂದ ಒಂದು ಬೆರಳುದ್ದದ ದಂಟನ್ನು ಹರಿತ ಚೂರಿಯಲ್ಲಿ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ದಂಟಿನ ಕೆಳತುದಿ ನೀರಿಗೆ ಮುಟ್ಟುವಂತೆ ಅಲ್ಲಾಡಿಸದೆ ಹಿಡಿಯಿರಿ, ಇಲ್ಲವೇ ಲೋಟದ ಬಾಯಿಗೆ ಒಂದು ಕಡ್ಡಿ ಅಡ್ಡ ಇಟ್ಟು ಕಟ್ಟಿ. ಬೆಳಕಿಗೆ ಎದುರಾಗಿಟ್ಟು ನೋಡುತ್ತಿದ್ದರೆ, ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ನೂಲು ಬಿಟ್ಟ ಹಾಗೆ ಕೆಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಲೋಟದ ನೀರೇ ಮಸುಕಾಗುತ್ತದೆ. ಎಳೆ ಇಳಿಯಿತೆಂದರೆ ಗಿಡ ಮುಗಿಯಿತು, ಯಾವ ಸಿಂಪರಣೆಯೂ ಅದನ್ನು ಎಬ್ಬಿಸುವುದಿಲ್ಲ. ಆ ನೀರನ್ನು ತರಕಾರಿ ಸಾಲಿಗೆ ಚೆಲ್ಲಬೇಡಿ. ಕುದಿನೀರು ಬೆರೆಸಿ ದೂರ ಎಲ್ಲಾದರೂ ಸುರಿಯಿರಿ.

ಇಷ್ಟು ಭೀಕರ ರೋಗದಲ್ಲಿ ಕಾಯಿ ಉಳಿಸುವ ಕೆಲಸ ಮಾತ್ರ ಎಲ್ಲಕ್ಕಿಂತ ಸುಲಭ. ಕಾಯಿಯ ಮೈಗೆ ಕೊಳೆ ಬಂದಿರುವುದಿಲ್ಲ, ಗಿಡ ನೀರು ಕೊಡುವುದನ್ನು ನಿಲ್ಲಿಸಿದೆ ಅಷ್ಟೆ. ಲೋಟದ ಪರೀಕ್ಷೆ ಮಾಡಿದ ದಿನವೇ ಎಲ್ಲ ಕೊಯ್ದುಬಿಡಿ. ಬಲಿತವು ಮನೆಯೊಳಗೆ ಹಣ್ಣಾಗುತ್ತವೆ. ಎರಡು ದಿನ ತಡ ಮಾಡಿದರೆ ಚರ್ಮ ಸುಕ್ಕುಗಟ್ಟಿ ರಬ್ಬರಿನಂತಾಗುತ್ತದೆ, ಹಣ್ಣಾದರೂ ರುಚಿಯಿಲ್ಲ.

ಬಲಿತದ್ದು ಯಾವುದು ಎಂದು ತಿಳಿಯುವುದು ಹೇಗೆ? ಕಡು ಹಸಿರು ಹೋಗಿ ಬಿಳಿಚಿಕೊಂಡ ಹಸಿರು ಬಂದಿರಬೇಕು, ಮೈಗೆ ಹೊಳಪು ಬಂದಿರಬೇಕು. ಅನುಮಾನವಿದ್ದರೆ ಅದೇ ಗಾತ್ರದ ಒಂದು ಕಾಯಿಯನ್ನು ಅಡ್ಡಕ್ಕೆ ಕೊಯ್ಯಿರಿ. ಒಳಗೆ ಲೋಳೆ ತುಂಬಿದ್ದು, ಬೀಜ ಚೂರಿಗೆ ಸಿಗದೆ ಪಕ್ಕಕ್ಕೆ ಜಾರಿದರೆ ಆ ಗಾತ್ರದವೆಲ್ಲ ಹಣ್ಣಾಗುತ್ತವೆ. ಚೂರಿ ಬೀಜವನ್ನೇ ಸೀಳಿದರೆ, ಒಳಗೆ ಒಣಕಲಾಗಿ ಗಟ್ಟಿಯಿದ್ದರೆ ಅದು ಎಳತು. ಎಷ್ಟು ದಿನ ಇಟ್ಟರೂ ಬಣ್ಣ ಬಾರದು, ಚಟ್ನಿಗೇ ಸರಿ. ತುದಿಯಲ್ಲಿ ಒಂದಿಷ್ಟು ಗುಲಾಬಿ ಛಾಯೆ ಇಣುಕಿದ ಕಾಯಿಯಂತೂ ಗಿಡದಿಂದ ಪಡೆಯಬೇಕಾದ್ದನ್ನು ಬಹುಮಟ್ಟಿಗೆ ಪಡೆದು ಮುಗಿಸಿದೆ. ಅದನ್ನು ರೋಗದ ಗಿಡದಲ್ಲಿ ಬಿಟ್ಟು ಬರುವ ಲಾಭ ಏನೂ ಇಲ್ಲ.

ಕೊಯ್ಯುವ ಹೊತ್ತು ಇಬ್ಬನಿ ಆರಿದ ಮೇಲೆ, ಅಂದರೆ ಹತ್ತು ಗಂಟೆಯ ಹೊತ್ತಿಗೆ. ಒದ್ದೆ ಎಲೆಗಳ ನಡುವೆ ಕೈಯಾಡಿಸಿದರೆ ರೋಗವನ್ನು ನಾವೇ ಪಕ್ಕದ ಗಿಡಕ್ಕೆ ದಾಟಿಸಿದ ಹಾಗೆ. ಮಳೆ ಬಿಡುವ ಲಕ್ಷಣವೇ ಇಲ್ಲದಿದ್ದರೆ ಒದ್ದೆಯಲ್ಲೇ ಕೊಯ್ದು, ಒಂದೊಂದನ್ನೇ ಹಳೆ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಹರಡಿ. ತೊಳೆಯಬೇಕೇ? ಹಣ್ಣಿಗೆ ಇಡುವುದಾದರೆ ಬೇಡ, ಒರೆಸಿದರೆ ಸಾಕು. ಮಣ್ಣು ತುಂಬಾ ಮೆತ್ತಿದ್ದರಿಂದ ತೊಳೆಯಲೇಬೇಕು ಎಂದಾದರೆ, ಬಿಸಿಲಿನಿಂದ ತಂದ ಕಾಯಿಯನ್ನು ನೇರ ತಣ್ಣನೆಯ ಬಾವಿನೀರಿಗೆ ಹಾಕಬೇಡಿ. ಬಿಸಿ ಹಣ್ಣು ತಣ್ಣೀರಿನಲ್ಲಿ ಕುಗ್ಗುವಾಗ ತೊಟ್ಟಿನ ಗಾಯದ ಮೂಲಕ ಹೊರಗಿನ ನೀರನ್ನು, ಅದರೊಡನೆ ಕೊಳೆಯನ್ನೂ, ಒಳಗೆ ಎಳೆದುಕೊಳ್ಳುತ್ತದೆ. ನೆರಳಿನಲ್ಲಿ ಆರಲು ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು.

ಹಣ್ಣಾಗಲು ಟೊಮೆಟೊಗೆ ಬಿಸಿಲು ಬೇಡ. ಕಿಟಕಿಯ ದಂಡೆಯಲ್ಲಿ ಸಾಲಾಗಿ ಇಡುವುದು ಚಿತ್ರಕ್ಕೆ ಚೆಂದ, ಕಾಯಿಗೆ ಕೇಡು. 20ರಿಂದ 24 ಡಿಗ್ರಿ ಇದ್ದರೆ ಬಣ್ಣ ಚೆನ್ನಾಗಿ ಬರುತ್ತದೆ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣದ ಲೈಕೊಪೀನ್ ಸರಿಯಾಗಿ ತಯಾರಾಗದೆ ಹಣ್ಣು ಹಳದಿ, ಕಿತ್ತಳೆಯಲ್ಲೇ ನಿಂತುಬಿಡುತ್ತದೆ. ಊರಿನ ಸೆಕೆಗೆ ಮನೆ ಟೊಮೆಟೊ ಪೇಟೆಯದರಷ್ಟು ಕೆಂಪಗಾಗದಿರುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಮೂಲೆ ಹುಡುಕಿ. ಹಂಚಿನ ಮನೆಯಾದರೆ ಕತ್ತಲೆ ಕೋಣೆ, ಟೆರೇಸು ಮನೆಯಾದರೆ ಕೆಳಗಿನ ಮಹಡಿಯ ಮಂಚದ ಅಡಿ. ಟೊಮೆಟೊಗೋಸ್ಕರ ಎಸಿ ಹಾಕಿ ಎಂದು ಯಾರಿಗೂ ಹೇಳಲಾರೆ. ರಾತ್ರಿ ಹೇಗೂ ಹಾಕುವವರಾದರೆ ಬುಟ್ಟಿಯೂ ಅಲ್ಲೇ ಮಲಗಲಿ. ಫ್ರಿಜ್ಜು ಮಾತ್ರ ಬೇಡ. 10 ಡಿಗ್ರಿಗಿಂತ ಕೆಳಗೆ ಹಸಿರು ಕಾಯಿಗೆ ಚಳಿ ಹೊಡೆದು, ಹೊರಗೆ ತೆಗೆದ ಮೇಲೂ ಹಣ್ಣಾಗದೆ ಕೊಳೆಯುತ್ತದೆ.

ಅಗಲ ಬುಟ್ಟಿಗೋ ರಟ್ಟಿನ ಪೆಟ್ಟಿಗೆಗೋ ಒಣ ಬೈಹುಲ್ಲು ಹಾಸಿ, ಒಂದೇ ಪದರದಲ್ಲಿ, ಒಂದಕ್ಕೊಂದು ತಾಗದ ಹಾಗೆ ಜೋಡಿಸಿ. ರೋಗದ ಗಿಡದ ಕಾಯಿಯಾದ್ದರಿಂದ ಒಂದೊಂದನ್ನೂ ಪೇಪರಿನ ತುಂಡಿನಲ್ಲಿ ಸುತ್ತುವುದು ಲೇಸು. ಒಂದು ಕೊಳೆತರೂ ರಸ ಪಕ್ಕಕ್ಕೆ ಹರಿಯುವುದಿಲ್ಲ. ಬೇಗ ಹಣ್ಣಾಗಬೇಕಿದ್ದರೆ ನಡುವೆ ಒಂದು ಕಳಿತ ಬಾಳೆಹಣ್ಣು ಇಡಿ, ಅದು ಬಿಡುವ ಎಥಿಲೀನ್ ಅನಿಲ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಟ್ಟರೆ ಬೆವರಿ, ಮೂರನೆಯ ದಿನ ವಾಸನೆ ಬರುತ್ತದೆ. ದಿನಕ್ಕೊಮ್ಮೆ ಪೇಪರು ಬಿಚ್ಚಿ ನೋಡಲು ಮರೆಯಬಾರದು. ಗುಲಾಬಿ ಇಣುಕಿದ್ದವು ಐದಾರು ದಿನದಲ್ಲಿ, ಬಲಿತ ಹಸಿರಿನವು ಒಂದೆರಡು ವಾರದಲ್ಲಿ ತಯಾರು.

ಕಲೆ ಬಿದ್ದ ಕಾಯಿಯ ಪ್ರಶ್ನೆ ಎಲ್ಲ ಮನೆಯಲ್ಲೂ ಏಳುತ್ತದೆ. ಗಿಡದ ರೋಗ ಮನುಷ್ಯರಿಗೆ ಅಂಟುವುದಿಲ್ಲ, ಆ ಭಯ ಬೇಡ. ಹಾಗೆಂದು ಕೊಳೆತ ಭಾಗ ಕುದಿಸಿದರೆ ಸರಿಹೋಯಿತು ಎನ್ನುವಂತೆಯೂ ಇಲ್ಲ. ಆಲ್ಟರ್ನೇರಿಯಾ ಬೆಳೆದ ಜಾಗದಲ್ಲಿ ವಿಷಪದಾರ್ಥಗಳು ಉಂಟಾಗುತ್ತವೆ, ಅವು ಒಲೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಕಾಯಿ ಗಟ್ಟಿಯಿದ್ದು ಕಲೆ ಕಡಲೆಕಾಳಿನಷ್ಟೇ ಇದ್ದರೆ, ಸುತ್ತಲೂ ಒಂದು ಬೆರಳಗಲ ಒಳ್ಳೆಯ ಭಾಗವನ್ನೂ ಸೇರಿಸಿ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂದೇ ಬೇಯಿಸಿ. ಮೆತ್ತಗಾಗಿದ್ದರೆ, ಹುಳಿತ ವಾಸನೆ ಇದ್ದರೆ, ಬೂಷ್ಟು ಹಿಡಿದಿದ್ದರೆ ಇಡೀ ಕಾಯಿ ಹೊರಗೆ. ಆರು ತಿಂಗಳ ಉಪ್ಪಿನಕಾಯಿಗೆ, ಬಾಟಲಿಯಲ್ಲಿ ಮುಚ್ಚಿಡುವ ಸಾಸಿಗೆ ರೋಗದ ಗಿಡದ ಕಾಯಿ ಬಳಸದಿರುವುದೇ ಕ್ಷೇಮ. ಸತ್ತ ಗಿಡದ ಟೊಮೆಟೊದಲ್ಲಿ ಹುಳಿ ಕಡಿಮೆಯಿರಬಹುದು, ಮುಚ್ಚಿಟ್ಟ ಪದಾರ್ಥವನ್ನು ಕೆಡದಂತೆ ಕಾಯುವುದೇ ಆ ಹುಳಿ. ಔಷಧ ಸಿಂಪಡಿಸಿ ಆಗಿದ್ದರೆ ಡಬ್ಬಿಯ ಮೇಲೆ ಬರೆದ ಕಾಯುವ ದಿನಗಳು ಕಳೆಯುವ ತನಕ ಆ ಗಿಡದ ಕಾಯಿಯನ್ನು ಅಡುಗೆಮನೆಗೆ ತರಬೇಡಿ. ಅಡಿಕೆಗೆಂದು ಮಾಡಿದ ಬೋರ್ಡೋ ದ್ರಾವಣದಲ್ಲಿ ಉಳಿದದ್ದನ್ನು ಟೊಮೆಟೊಗೂ ಹೊಡೆಯುವ ಅಭ್ಯಾಸ ಕೆಲವು ಕಡೆ ಇದೆ. ಮೈಲುತುತ್ತದ ನೀಲಿ ಕಲೆ ಕಾಯಿಯ ಮೇಲೆ ಉಳಿಯುತ್ತದೆ, ಎಳೆ ಎಲೆ ಸುಡುವುದೂ ಉಂಟು.

ಅಡುಗೆಯ ವಿಷಯಕ್ಕೆ ಬಂದರೆ ಹಸಿರು ಟೊಮೆಟೊ ಸೋತು ಬಂದ ತರಕಾರಿಯೇನಲ್ಲ, ಕೆಲವು ಅಡುಗೆಗೆ ಹಣ್ಣಿಗಿಂತ ಮೇಲು. ಚಟ್ನಿಗೆ ನಾಲ್ಕೈದು ಕಾಯಿ ಹೆಚ್ಚಿ, ತೆಂಗಿನೆಣ್ಣೆಯಲ್ಲಿ ಒಂದು ಚಮಚ ಉದ್ದಿನಬೇಳೆ, ಮೂರು ಹಸಿಮೆಣಸು, ನಾಲ್ಕೆಸಳು ಬೆಳ್ಳುಳ್ಳಿಯೊಡನೆ ಬಾಡಿಸಿ. ಎಳೆ ಹಸಿರು ಮಾಸಿ ಮಂಕು ಹಸಿರಿಗೆ ತಿರುಗಿ, ಹಸಿ ವಾಸನೆ ಹೋಗುವ ತನಕ ಬಾಡಬೇಕು. ಇಲ್ಲಿ ಆತುರ ಮಾಡಿದರೆ ಕನರು ಉಳಿಯುತ್ತದೆ. ಅರ್ಧ ಕಪ್ ತೆಂಗಿನತುರಿ, ಉಪ್ಪು ಸೇರಿಸಿ ನೀರು ಹಾಕದೆ ಅರೆಯಿರಿ. ಹುಣಿಸೆಹಣ್ಣು ಬೇಕಿಲ್ಲ. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಕುಚ್ಚಲಕ್ಕಿ ಗಂಜಿಯ ಜೊತೆಗೆ ಇದಕ್ಕಿಂತ ಬೇರೆ ಬೇಕೆನಿಸದು.

ಮೀನು ತಿನ್ನುವ ಮನೆಗಳಲ್ಲಿ ಬಂಗುಡೆ ಸಾರಿಗೆ ಹುಣಿಸೆ ಕಡಿಮೆ ಮಾಡಿ, ನಾಲ್ಕು ಹಸಿರು ಟೊಮೆಟೊ ಸೀಳಿ ಹಾಕಿ. ಮೀನಿಗಿಂತ ಮೊದಲೇ ಮಸಾಲೆಯಲ್ಲಿ ಬೆಂದಿರಲಿ. ಕಾಯಿ ತುಂಬಾ ಇದ್ದರೆ ಗೊಜ್ಜು: ಎಣ್ಣೆಯಲ್ಲಿ ಬಾಡಿಸಿ, ಬೆಲ್ಲ, ಖಾರದ ಪುಡಿ, ಉಪ್ಪು, ಚೂರು ಇಂಗು ಹಾಕಿ ಎಣ್ಣೆ ಬಿಡುವ ತನಕ ಮಗುಚುತ್ತಾ ಇದ್ದರೆ ಆಯಿತು. ಫ್ರಿಜ್ಜಿನಲ್ಲಿ ವಾರ ಇರುತ್ತದೆ. ಪಾತ್ರೆ ಸ್ಟೀಲಿನದ್ದೋ ಮಣ್ಣಿನದ್ದೋ ಇರಲಿ, ಈ ಹುಳಿಗೆ ಅಲ್ಯೂಮಿನಿಯಂ ಆಗದು. ಬುಟ್ಟಿಯಲ್ಲಿ ಒಮ್ಮೆಗೇ ಹಣ್ಣಾಗಿ ಮುಗಿಯದಷ್ಟಾದರೆ, ಚೊಕ್ಕವಾದ ಹಣ್ಣನ್ನು ಹಾಗೆಯೇ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ಬೇಕಾದಾಗ ತೆಗೆದು ನೀರಿನಲ್ಲಿ ಅದ್ದಿದರೆ ಸಿಪ್ಪೆ ತಾನಾಗಿ ಬಿಡುತ್ತದೆ, ಸಾರಿಗೆ ಹೇಳಿ ಮಾಡಿಸಿದ್ದು.

ಕಾಯಿ ಮನೆಗೆ ಬಂದ ಮೇಲೆ ಗಿಡದ ಗತಿ. ದನಕ್ಕೆ ಹಾಕಬೇಡಿ, ಟೊಮೆಟೊ ಸೊಪ್ಪು ಹೆಚ್ಚು ತಿಂದರೆ ಅದಕ್ಕೆ ನಂಜು. ಗೊಬ್ಬರದ ಗುಂಡಿಗೂ ಬೇಡ. ಬೇರು ಸಮೇತ ಕಿತ್ತು, ಒಣಗಿಸಿ ಸುಡುವುದು, ಮಳೆಗಾಲವಾದರೆ ತರಕಾರಿ ಜಾಗದಿಂದ ದೂರ ಆಳವಾಗಿ ಹೂಳುವುದು. ರೋಗದ ಗಿಡದ ಹಣ್ಣಿನಿಂದ ಬೀಜ ಇಡಬಾರದು, ಅಂಗಮಾರಿ ಬೀಜದೊಡನೆ ಬರಬಲ್ಲದು. ಯಾವ ರೋಗವೆಂದು ಬಗೆಹರಿಯದಿದ್ದರೆ ಒಂದು ಗಿಡವನ್ನು ಬೇರು ಸಮೇತ ಪೇಪರಿನಲ್ಲಿ ಸುತ್ತಿಕೊಂಡು ಮಾಬುಕಳ ಸೇತುವೆ ದಾಟಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅಲ್ಲಿನ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಆವರಣ ನಮ್ಮ ಕಡೆಯ ಬೆಳೆಗಾರರಿಗೆ ಹಳೆಯ ಪರಿಚಯ. ಮೊಬೈಲಿನ ಫೋಟೊ ತೋರಿಸುವುದಕ್ಕಿಂತ ಗಿಡ ತೋರಿಸುವುದು ಒಳ್ಳೆಯದು, ಸೊರಗು ರೋಗ ಫೋಟೊದಲ್ಲಿ ಬರೀ ಬಾಡಿದ ಗಿಡದಂತೆ ಕಾಣುತ್ತದೆ.

ಮುಂದಿನ ಸಲಕ್ಕೆ ತಳಿ ಬದಲಿಸಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಎಲೆ ಮುಟುರು ನಂಜು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ಅರ್ಕಾ ಅಭೇದ್ ಇವುಗಳ ಜೊತೆಗೆ ತಡವಾಗಿ ಬರುವ ಅಂಗಮಾರಿಯನ್ನೂ ತಾಳುತ್ತದೆ. ಹೈಬ್ರಿಡ್ ಆದ್ದರಿಂದ ಪ್ರತಿ ಸಲ ಬೀಜ ಕೊಳ್ಳಬೇಕು. ಬದನೆಯ ಬುಡಕ್ಕೆ ಕಸಿ ಕಟ್ಟಿದ ಟೊಮೆಟೊ ಸಸಿ ಸಿಕ್ಕರೆ ಸೊರಗು ರೋಗದ ಮಣ್ಣಿಗೆ ಅದು ಇನ್ನೂ ಗಟ್ಟಿ. ಮಳೆಗಾಲದಲ್ಲೇ ಬೆಳೆಯಬೇಕೆನ್ನುವವರು ಮೇಲೆ ಪಾರದರ್ಶಕ ಶೀಟಿನ ಮಾಡು ಹಾಕಿಕೊಳ್ಳಲಿ. ಮಲೆನಾಡಿನವರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದದ್ದರ ಹಿಂದಿರುವುದೂ ಇದೇ ಲೆಕ್ಕ: ಮೈ ಒಣಗಿದ್ದರೆ ಕೊಳೆಗೆ ಕಾಲೂರಲು ಜಾಗವಿಲ್ಲ. ಬುಡಕ್ಕೆ ತರಗೆಲೆಯೋ ಬೈಹುಲ್ಲೋ ಹಾಸಿದರೆ ಮಣ್ಣು ಸಿಡಿಯದು. ಕೋಲು ಕೊಟ್ಟು ಗಿಡ ಎತ್ತಿ ಕಟ್ಟಿ, ಕೆಳಗಿನ ಒಂದು ಅಡಿಯಲ್ಲಿ ಎಲೆ ಬಿಡಬೇಡಿ, ನೀರು ಬುಡಕ್ಕಷ್ಟೇ ಹೊಯ್ಯಿರಿ.

ಬಚ್ಚಲಿನ ನೀರು ಸಾಲಿನಿಂದ ಸಾಲಿಗೆ ಹರಿದುಹೋಗುವ ಹಿತ್ತಿಲುಗಳಲ್ಲಿ ಒಂದು ಜಾಗ್ರತೆ ಹೆಚ್ಚು ಬೇಕು. ಸೊರಗು ರೋಗದ ಬ್ಯಾಕ್ಟೀರಿಯ ಆ ನೀರಿನೊಡನೆಯೇ ಸಾಗುತ್ತದೆ. ಸತ್ತ ಗಿಡದ ಗುಂಡಿಯಿಂದ ಕೆಳಗಿನ ಸಾಲಿಗೆ ನೀರು ಹೋಗುವ ದಾರಿಯನ್ನು ಅಂದೇ ಮಣ್ಣು ಹಾಕಿ ಕಟ್ಟಿ, ಹಾರೆ ಕತ್ತಿ ತೊಳೆದಿಡಿ. ಗ್ರೋ ಬ್ಯಾಗಿನಲ್ಲಿ ಸತ್ತಿದ್ದರೆ ಆ ಮಣ್ಣನ್ನು ಇನ್ನೊಂದು ಚಟ್ಟಿಗೆ ಸುರಿಯಬೇಡಿ. ಆ ಜಾಗದಲ್ಲಿ ಮೂರು ನಾಲ್ಕು ವರ್ಷ ಟೊಮೆಟೊ, ಮೆಣಸು, ಬದನೆ, 2011ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಮಟ್ಟುಗುಳ್ಳ ಯಾವುದೂ ಬೇಡ, ಎಲ್ಲ ಒಂದೇ ಮನೆತನದವು. ಸುಣ್ಣ ಎರಚಿ ಮಣ್ಣಿನ ಹುಳಿ ಇಳಿಸಿ, ಅಲಸಂಡೆ, ಹರಿವೆ, ಬೆಂಡೆ ಬಿತ್ತಿ.